ಮೊದಲು ನಲ್ಲಿ, ಆಮೇಲೆ ಸೀಸೆ

ಮೈಸೂರಿನ ಚಾಮರಾಜಪುರಂ ರೈಲು ನಿಲ್ದಾಣದ ಆಸುಪಾಸಿನಲ್ಲಿ ಒಂದು ಔಷಧಿ ಅಂಗಡಿ. ಗಲ್ಲಾದ ಆಚೆ ಫಾರ್ಮಸಿ ಓದಿದ ಅಂಗಡಿಯಾತ. ಈಚೆ, ಅವನಿಗೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ಈಗ ನಿವೃತ್ತರಾಗಿರುವ ಮೇಷ್ಟ್ರು. ಮಧ್ಯಾಹ್ನದ ಹೊತ್ತು, ಗಿರಾಕಿಗಳು ಕಡಿಮೆ. ಇಬ್ಬರಿಗೂ ಮಾತಿಗೆ ಪುರಸೊತ್ತಿದೆ.

ಮೇಷ್ಟ್ರು: ಒಂದು ಟಿಂಚರ್ ಅಯೋಡಿನ್ ಕೊಡಪ್ಪ. ಹಳೇ ಕಾಲದ್ದು, ಹಚ್ಚಿದರೆ ಚುರ್ ಅನ್ನಬೇಕು. ಮೊಮ್ಮಗ ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಂಡು ಬಂದಿದ್ದಾನೆ.

ಅಂಗಡಿಯಾತ: ಕೊಡೋದು ಆಮೇಲೆ ಸಾರ್. ಗಾಯ ಮೇಲ್ಮೇಲಿಂದೋ, ಆಳ ಇದೆಯೋ? ಮಣ್ಣು, ಜಲ್ಲಿ ಸೇರಿಕೊಂಡಿದೆಯಾ? ರಕ್ತ ನಿಂತಿದೆಯಾ?

ಮೇಷ್ಟ್ರು: ಬಿದ್ದದ್ದು ಮನೆ ಹಿಂದಿನ ಕನ್ಸರ್ವೆನ್ಸಿಯಲ್ಲಿ. ಮೇಲಿನ ಚರ್ಮ ರೂಪಾಯಿ ಅಗಲಕ್ಕೆ ಸುಲಿದಿದೆ, ಅಷ್ಟೇ. ರಕ್ತ ಆಗಲೇ ನಿಂತಿತು. ಮಣ್ಣು ಒಂದಿಷ್ಟು ಅಂಟಿದೆ. ಅವರಜ್ಜಿ ಕಾಫಿಪುಡಿ ಡಬ್ಬ ಹಿಡಿದುಕೊಂಡು ನಿಂತಿದ್ದಳು. ತಡಿ, ಔಷಧಾನೇ ತರ್ತೀನಿ ಅಂತ ಬಂದೆ.

ಅಂಗಡಿಯಾತ: ತಡೆದದ್ದು ಒಳ್ಳೇದಾಯ್ತು. ಗಾಯ ತೊಳೆದಿರಾ?

ಮೇಷ್ಟ್ರು: ಇಲ್ಲಪ್ಪ. ಗಾಯಕ್ಕೆ ನೀರು ಸೋಕಿದರೆ ಕೀವಾಗುತ್ತೆ ಅಂತಾರಲ್ಲ.

ಅಂಗಡಿಯಾತ: ಆ ಮಾತನ್ನು ನಂಬಿಯೇ ಎಷ್ಟೋ ಗಾಯ ಕೀವಾಗಿರೋದು ಸಾರ್. ಕೀವಾಗಿಸೋದು ನೀರಲ್ಲ, ಒಳಗೆ ಉಳಿದ ಕೊಳೆ. ಕುಡಿಯೋಕೆ ಯೋಗ್ಯವಾದ ನಲ್ಲಿ ನೀರು ಸಣ್ಣ ಗಾಯ ತೊಳೆಯೋಕೆ ಸಾಕು. ಆಸ್ಪತ್ರೆಯ ಸಲೈನಿನಲ್ಲಿ ತೊಳೆದ ಗಾಯವನ್ನೂ ನಲ್ಲಿ ನೀರಲ್ಲಿ ತೊಳೆದ ಗಾಯವನ್ನೂ ಹೋಲಿಸಿ ನೋಡಿದ ಅಧ್ಯಯನಗಳಿವೆ. ನಲ್ಲಿ ನೀರಿನಿಂದ ಸೋಂಕು ಹೆಚ್ಚಾದದ್ದು ಕಂಡುಬಂದಿಲ್ಲ.

ಮೇಷ್ಟ್ರು: ಹಾಗಾದರೆ ಈ ಕಪಾಟಿನ ತುಂಬ ಸೀಸೆ ಯಾಕೆ ಜೋಡಿಸಿಟ್ಟಿದ್ದೀಯ?

ಅಂಗಡಿಯಾತ: ಅವಕ್ಕೂ ಕೆಲಸ ಇದೆ. ಎರಡನೇ ಕೆಲಸ. ಜನ ಅದನ್ನೇ ಮೊದಲನೇದು ಮಾಡ್ತಾರೆ, ಕೆಲವರು ಅದೊಂದನ್ನೇ ಮಾಡ್ತಾರೆ. ತೊಳೀದೆ ಮೇಲೆ ಸುರಿದ ಔಷಧದ ಅರ್ಧ ಶಕ್ತಿ ಮಣ್ಣು, ರಕ್ತ, ಕೀವಿನ ಮೇಲೇ ಖರ್ಚಾಗುತ್ತೆ. ಅಯೋಡಿನ್‌ದಂತೂ ನಿಮಗೇ ಗೊತ್ತು, ಎದುರಿಗೆ ಸಿಕ್ಕ ಸಾವಯವ ವಸ್ತು ಜೊತೆಗೆಲ್ಲ ಸೇರಿಕೊಂಡು ಸುಸ್ತಾಗುತ್ತೆ. ಕ್ರಿಮಿ ಕೊಲ್ಲೋಕೆ ಉಳಿಯೋದು ಎಷ್ಟು?

ಮೇಷ್ಟ್ರು: ಸರಿ, ತೊಳೆದೇ ಹಚ್ಚೋಣ. ಆದರೆ ಉರಿಯೋದೇ ಬೇಕು. ಉರಿದರೆ ತಾನೇ ಔಷಧ ಕೆಲಸ ಮಾಡ್ತಿದೆ ಅಂತ ತಿಳಿಯೋದು?

ಅಂಗಡಿಯಾತ: ಉರಿಯೋದು ನಿಮ್ಮ ನರ ಸಾರ್, ಕ್ರಿಮಿ ಅಲ್ಲ. ಟಿಂಚರ್‌ನಲ್ಲಿ ಅಯೋಡಿನ್ ಜೊತೆಗೆ ಆಲ್ಕೋಹಾಲ್ ಇರುತ್ತೆ. ಚರ್ಮ ಸುಲಿದ ಕಡೆ ಬಿದ್ದರೆ ಅದು ಹೊಸ ಜೀವಕೋಶಗಳನ್ನೂ ಒಣಗಿಸಿ ಕೊಲ್ಲುತ್ತೆ. ಗಾಯ ಮುಚ್ಚಬೇಕಾದದ್ದು ಅದೇ ಜೀವಕೋಶಗಳು. ಕ್ರಿಮಿಗೂ ನಮ್ಮ ಕೋಶಕ್ಕೂ ವ್ಯತ್ಯಾಸ ಮಾಡೋ ಬುದ್ಧಿ ಈ ಸೀಸೆಗಳಿಗೆ ಅಷ್ಟಾಗಿ ಇಲ್ಲ.

ಮೇಷ್ಟ್ರು: ಸರ್ಜನ್ ಲಿಸ್ಟರ್ ಗಾಯಕ್ಕೆ ಕಾರ್ಬಾಲಿಕ್ ಆಮ್ಲ ಹಾಕಿ ಎಷ್ಟು ಜನರನ್ನು ಉಳಿಸಿದ! ನಾನೇ ನಿನಗೆ ಪಾಠ ಮಾಡಿದ್ದೀನಿ.

ಅಂಗಡಿಯಾತ: ಮಾಡಿದ್ದೀರಿ. 1865, ಗ್ಲಾಸ್ಗೋ. ಗಾಡಿ ಚಕ್ರ ಹರಿದು ಕಾಲಿನ ಮೂಳೆ ಮುರಿದಿದ್ದ 11 ವರ್ಷದ ಹುಡುಗ. ಆಗೆಲ್ಲ ಅಂಥ ಕಾಲು ಕತ್ತರಿಸೋದೇ ಪದ್ಧತಿ. ಲಿಸ್ಟರ್ ಕಾಲು ಉಳಿಸಿದ. ಆದರೆ ಪಟ್ಟಿ ಬಿಚ್ಚಿ ನೋಡಿದಾಗ ಸುತ್ತಲ ಚರ್ಮವನ್ನು ಆಮ್ಲವೇ ಸುಟ್ಟಿತ್ತು. ಆಮೇಲೆ ಅವನು ಅದನ್ನು ನೀರಲ್ಲಿ, ಎಣ್ಣೆಯಲ್ಲಿ ತೆಳು ಮಾಡಿ ಬಳಸೋಕೆ ಶುರು ಮಾಡಿದ. ಕಥೆಯ ಈ ಅರ್ಧವನ್ನು ಯಾರೂ ಹೇಳೋಲ್ಲ.

ಮೇಷ್ಟ್ರು: ಅದು ಆಗ ಪಠ್ಯದಲ್ಲಿ ಇರಲಿಲ್ಲ ಬಿಡು.

ಅಂಗಡಿಯಾತ: ಇನ್ನೊಂದಿದೆ. ಡಾಕ್ಟರುಗಳು ಶಸ್ತ್ರಚಿಕಿತ್ಸೆಗೆ ರಬ್ಬರ್ ಗ್ಲೌಸ್ ಹಾಕೋದು ಹೇಗೆ ಶುರುವಾಯ್ತು ಗೊತ್ತಾ? ರೋಗಿಯನ್ನು ಕಾಪಾಡೋಕೆ ಅಂದುಕೊಳ್ತೀವಿ. 1890ರ ಸುಮಾರಿಗೆ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹಾಲ್‌ಸ್ಟೆಡ್ ಅನ್ನೋ ಸರ್ಜನ್. ಅವನ ಥಿಯೇಟರಿನ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್. ದಿನವೂ ಪಾದರಸದ ಕ್ಲೋರೈಡ್ ದ್ರಾವಣದಲ್ಲಿ ಕೈ ಅದ್ದಿ ಅದ್ದಿ ಆಕೆಯ ಕೈಯೆಲ್ಲ ಕಿತ್ತುಬಂತು. ಗುಡ್‌ಇಯರ್ ಕಂಪನಿಗೆ ಹೇಳಿ ತೆಳು ರಬ್ಬರಿನ ಗ್ಲೌಸ್ ಮಾಡಿಸಿದ. ನಂಜು ಕಳೆಯೋ ಔಷಧದಿಂದ ಕೈ ಉಳಿಸಿಕೊಳ್ಳೋಕೆ ಬಂದದ್ದು ಅದು. 1890ರಲ್ಲಿ ಇಬ್ಬರೂ ಮದುವೆಯಾದರು.

ಮೇಷ್ಟ್ರು: ಇದನ್ನು ನಾನು ಕ್ಲಾಸಿನಲ್ಲಿ ಹೇಳಿದ್ದಿದ್ದರೆ ಹಿಂದಿನ ಬೆಂಚೂ ಎದ್ದು ಕೂರ್ತಿತ್ತು.

ಅಂಗಡಿಯಾತ: ಮೂರನೇದು, ಪೆನಿಸಿಲಿನ್‌ನ ಫ್ಲೆಮಿಂಗ್. ಅದಕ್ಕೂ ಮುಂಚೆ, ಮೊದಲ ಮಹಾಯುದ್ಧದಲ್ಲಿ, ಫ್ರಾನ್ಸಿನ ಬುಲೋನ್ ಪಟ್ಟಣದ ಆಸ್ಪತ್ರೆಯಲ್ಲಿ ಸಿಪಾಯಿಗಳ ಗಾಯ ನೋಡ್ತಿದ್ದ. ಆಳವಾದ ಗಾಯಕ್ಕೆ ಸುರಿದ ಔಷಧ ಮೂಲೆಮುಡುಕಿನ ಕ್ರಿಮಿಗಳನ್ನು ಮುಟ್ಟೋದೇ ಇಲ್ಲ, ಬದಲಿಗೆ ಹೋರಾಡೋಕೆ ಬಂದ ಬಿಳಿ ರಕ್ತಕಣಗಳನ್ನೇ ಸಾಯಿಸುತ್ತೆ ಅಂತ ತೋರಿಸಿದ. ಗಾಯ ಚೊಕ್ಕ ಮಾಡಿ, ಉಪ್ಪುನೀರಲ್ಲಿ ತೊಳೀರಿ ಅಂದ. ನೂರು ವರ್ಷ ದಾಟಿತು. ನಾವಿನ್ನೂ ಉರಿ ಹುಡುಕ್ತಿದ್ದೀವಿ.

ಮೇಷ್ಟ್ರು: ಆಯ್ತಪ್ಪ, ನೀನೇ ಮೇಷ್ಟ್ರಾಗು. ಈಗ ಮನೆಗೆ ಹೋಗಿ ನಾನು ಏನು ಮಾಡಬೇಕು?

ಅಂಗಡಿಯಾತ: ಮೊದಲು ನಿಮ್ಮ ಕೈ ಸಾಬೂನಲ್ಲಿ ತೊಳ್ಕೊಳ್ಳಿ. ಹುಡುಗನ ಮೊಣಕಾಲನ್ನು ನಲ್ಲಿ ಕೆಳಗೆ ಹಿಡಿದು ಹರಿಯೋ ನೀರಲ್ಲಿ ಚೆನ್ನಾಗಿ ತೊಳೀರಿ, ಐದು ನಿಮಿಷ ಹಿಡಿದರೂ ಹೆಚ್ಚಲ್ಲ. ಸುತ್ತಲ ಚರ್ಮಕ್ಕೆ ಸಾಬೂನು ಹಾಕಿ, ಗಾಯದ ಒಳಗೆ ತಿಕ್ಕಬೇಡಿ. ಮಣ್ಣಿನ ಕಣ ಉಳಿದಿದ್ದರೆ ಒದ್ದೆ ಗಾಜ್ ಬಟ್ಟೆಯಲ್ಲಿ ಮೆಲ್ಲಗೆ ಒತ್ತಿ ತೆಗೀರಿ. ಹತ್ತಿ ಬೇಡ, ಅದರ ಎಳೆ ಗಾಯಕ್ಕೆ ಅಂಟಿ ಒಳಗೇ ಉಳಿಯುತ್ತೆ. ಆಮೇಲೆ ಒರೆಸಿ, ಬೇಕಿದ್ದರೆ ಪೊವಿಡೋನ್ ಅಯೋಡಿನ್ ತೆಳ್ಳಗೆ ಒಂದು ಪದರ. ಒಂದೆರಡು ನಿಮಿಷ ಒಣಗಲಿ. ಮೇಲೆ ಅಂಟದಂಥ ಗಾಜ್ ಇಟ್ಟು ಪಟ್ಟಿ. ದಿನಕ್ಕೊಮ್ಮೆ ಬದಲಾಯಿಸಿ, ನೆಂದರೆ ಆಗಲೇ.

ಮೇಷ್ಟ್ರು: ಪಟ್ಟಿ ಯಾಕೆ? ಗಾಳಿ ಆಡಬೇಕು, ಒಣಗಿ ಹಕ್ಕಳೆ ಕಟ್ಟಬೇಕು ಅಂತಾರೆ.

ಅಂಗಡಿಯಾತ: 1962ರಲ್ಲಿ ಜಾರ್ಜ್ ವಿಂಟರ್ ಅನ್ನೋ ವಿಜ್ಞಾನಿ ಹಂದಿಗಳ ಮೇಲೆ ನೋಡಿದ. ಮುಚ್ಚಿ ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ, ಗಾಳಿಗೆ ಬಿಟ್ಟು ಹಕ್ಕಳೆ ಕಟ್ಟಿದ ಗಾಯಕ್ಕಿಂತ ಸುಮಾರು ಎರಡು ಪಟ್ಟು ಬೇಗ ಬಂತು. ಹಕ್ಕಳೆ ಗಟ್ಟಿಯಾದರೆ ಹೊಸ ಕೋಶ ಅದರ ಅಡಿಯಲ್ಲಿ ನುಸುಳಿಕೊಂಡು ಹೋಗಬೇಕು. ತೇವ ಅಂದರೆ ಒದ್ದೆ ಅಲ್ಲ ಮತ್ತೆ. ಬೆವರಲ್ಲಿ ನೆಂದ ಕೊಳೆ ಪಟ್ಟಿ ಮೂರು ದಿನ ಇಡೋದು ತೇವ ಅಲ್ಲ. ನಿಮ್ಮ ಹುಡುಗನ ಗಾಯಕ್ಕೆ ಎರಡನೇ ದಿನದಿಂದ ಬರೀ ವ್ಯಾಸಲೀನ್ ಹಚ್ಚಿ ಮುಚ್ಚಿದರೂ ನಡೆಯುತ್ತೆ.

ಮೇಷ್ಟ್ರು: ಮನೇಲಿ ಡೆಟಾಲ್ ಇದೆ. ಅದನ್ನೇ ಹಾಕಿದ್ದರೆ ಆಗ್ತಿರಲಿಲ್ವಾ?

ಅಂಗಡಿಯಾತ: ಹೇಗೆ ಹಾಕ್ತಿದ್ದಿರಿ?

ಮೇಷ್ಟ್ರು: ಹತ್ತಿಗೆ ಸುರಿದು ಒತ್ತೋದು.

ಅಂಗಡಿಯಾತ: ಅದೇ ತೊಂದರೆ. ಅದು ಕ್ಲೋರೊಕ್ಸೈಲಿನಾಲ್, ಹಾಗೇ ಹಚ್ಚೋಕೆ ಮಾಡಿದ್ದಲ್ಲ. ಗಾಯಕ್ಕೆ ಒಂದು ಪಾಲಿಗೆ ಇಪ್ಪತ್ತು ಪಾಲು ನೀರು. ಅಂದರೆ 5 ಎಂಎಲ್ ಚಮಚ ಒಂದಕ್ಕೆ 100 ಎಂಎಲ್ ನೀರು. ಬೆಳ್ಳಗೆ ಹಾಲಿನಂತಾಗುತ್ತಲ್ಲ, ಅದೇ. ಅದರಲ್ಲಿ ತೊಳೆದು ಬಿಡಬೇಕು. ಸೀಸೆಯಿಂದ ನೇರ ಹತ್ತಿಗೆ ಸುರಿದು, ಹತ್ತಿ ಇಟ್ಟು, ಮೇಲೆ ಪಟ್ಟಿ ಬಿಗಿದು ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ಗಾಯದ ಪಕ್ಕ ಬೊಬ್ಬೆ ಎದ್ದಿರುತ್ತೆ. ರಾಸಾಯನಿಕ ಸುಟ್ಟಗಾಯ. ಆಗ ಜನ ಏನಂತಾರೆ? ನಂಜು ಜಾಸ್ತಿಯಾಯ್ತು ಅಂತ ಇನ್ನಷ್ಟು ಹಾಕ್ತಾರೆ.

ಮೇಷ್ಟ್ರು: ಪಕ್ಕದ ಸೀಸೆ? ಆ ಹಳದಿ ದ್ರಾವಣ.

ಅಂಗಡಿಯಾತ: ಸೆಟ್ರಿಮೈಡ್, ಕ್ಲೋರ್‌ಹೆಕ್ಸಿಡಿನ್ ಎರಡೂ ಇರೋದು. ಅದನ್ನೂ ಚೀಟಿಯಲ್ಲಿ ಬರೆದ ಅಳತೆಗೇ ತೆಳು ಮಾಡಬೇಕು. ಕಣ್ಣು, ಕಿವಿಯೊಳಗೆ ಹೋಗಬಾರದು. ಇದರ ವಿಷಯದಲ್ಲಿ ಒಂದು ರಸಾಯನಶಾಸ್ತ್ರದ ಪ್ರಶ್ನೆ, ನೀವೇ ಉತ್ತರ ಹೇಳಬೇಕು. ಸಾಬೂನು ಹಚ್ಚಿ, ನೊರೆ ಪೂರ್ತಿ ಹೋಗದೆ ಇದನ್ನು ಹಾಕಿದರೆ ಯಾಕೆ ಕೆಲಸ ಮಾಡೋಲ್ಲ?

ಮೇಷ್ಟ್ರು: ಸುಲಭ. ಸಾಬೂನು ಋಣ ಅಯಾನು. ಸೆಟ್ರಿಮೈಡ್, ಕ್ಲೋರ್‌ಹೆಕ್ಸಿಡಿನ್ ಧನ ಅಯಾನು. ಒಂದನ್ನೊಂದು ಹಿಡಿದುಕೊಂಡು ಎರಡೂ ನಿಷ್ಕ್ರಿಯ ಆಗ್ತವೆ. ಸಾಬೂನು ಹೋಗೋ ತನಕ ಚೆನ್ನಾಗಿ ನೀರು ಹಾಕಿ ಆಮೇಲೆ ಹಚ್ಚಬೇಕು.

ಅಂಗಡಿಯಾತ: ಪೂರ್ತಿ ಅಂಕ ಸಾರ್. ಅದಕ್ಕೇ ಹೇಳೋದು, ಎರಡು ಸೀಸೆ ಬೆರೆಸಿದರೆ ಎರಡು ಪಟ್ಟು ಶಕ್ತಿ ಬರೋಲ್ಲ. ಒಂದು ಸಾಕು.

ಮೇಷ್ಟ್ರು: ಹೈಡ್ರೋಜನ್ ಪೆರಾಕ್ಸೈಡ್? ಗಾಯದ ಮೇಲೆ ಬುಸುಬುಸು ಅಂತ ನೊರೆ ಬರೋದು ನೋಡಿದರೆ ಎಷ್ಟು ಸಮಾಧಾನ!

ಅಂಗಡಿಯಾತ: ನೊರೆ ಯಾಕೆ ಬರುತ್ತೆ?

ಮೇಷ್ಟ್ರು: ರಕ್ತದಲ್ಲಿ, ಜೀವಕೋಶದಲ್ಲಿ ಕ್ಯಾಟಲೇಸ್ ಅನ್ನೋ ಕಿಣ್ವ ಇದೆ. ಅದು ಪೆರಾಕ್ಸೈಡನ್ನು ನೀರು, ಆಮ್ಲಜನಕ ಅಂತ ಒಡೆಯುತ್ತೆ. ಓ... ಹಾಗಾದರೆ ಅದು ಕ್ರಿಮಿ ಸಾಯೋ ನೊರೆ ಅಲ್ಲ, ನಮ್ಮದೇ ರಕ್ತದ ನೊರೆ.

ಅಂಗಡಿಯಾತ: ಹೌದು. ಇಲ್ಲಿ ಅಂಗಡೀಲಿ ಸಿಗೋದು ಸಾಮಾನ್ಯವಾಗಿ ಶೇಕಡ 6ರದ್ದು, ಅದನ್ನು ಹಾಗೇ ಸುರೀತಾರೆ. ದಿನಾ ಸುರಿದರೆ ಗಾಯ ಮಾಯೋದು ತಡವಾಗುತ್ತೆ. ಸ್ಪಿರಿಟ್ಟೂ ಅಷ್ಟೇ, ಇಂಜೆಕ್ಷನ್ ಚುಚ್ಚೋಕೆ ಮುಂಚೆ ಗಾಯವಿಲ್ಲದ ಚರ್ಮಕ್ಕೆ ಸರಿ, ತೆರೆದ ಗಾಯಕ್ಕೆ ಬೇಡ. ಬೆಂಕಿ ಬೇರೆ ಹತ್ತುತ್ತೆ, ದೇವರ ದೀಪದ ಪಕ್ಕ, ಗ್ಯಾಸ್ ಒಲೆ ಪಕ್ಕ ಇಡಲೇಬಾರದು.

ಮೇಷ್ಟ್ರು: ನಮ್ಮ ಕಾಲದಲ್ಲಿ ಸ್ಕೂಲಿನ ಫಸ್ಟ್ ಏಡ್ ಡಬ್ಬದಲ್ಲಿ ಎರಡೇ ಇರ್ತಿದ್ದದ್ದು, ಒಂದು ಕೆಂಪು, ಒಂದು ನೇರಳೆ. ಮೊಣಕಾಲು ನೋಡಿದರೆ ಯಾವ ಸೆಕ್ಷನ್ ಹುಡುಗ ಅಂತ ಹೇಳಬಹುದಿತ್ತು.

ಅಂಗಡಿಯಾತ: ಕೆಂಪು ಮರ್ಕ್ಯುರೋಕ್ರೋಮ್, ಅದರಲ್ಲಿ ಪಾದರಸ. ಸುರಕ್ಷಿತ ಅಂತ ಒಪ್ಪೋಕೆ ಆಗೋಲ್ಲ ಅಂತ 1998ರಲ್ಲಿ ಅಮೆರಿಕದ ಔಷಧ ಇಲಾಖೆ ಅದನ್ನು ಪಟ್ಟಿಯಿಂದ ತೆಗೀತು. ನೇರಳೆಯದು ಜೆನ್ಷಿಯನ್ ವಯಲೆಟ್. ಅದರಿಂದ ಕ್ಯಾನ್ಸರಿನ ಅಪಾಯ ಇರಬಹುದು ಅಂತ 2019ರಲ್ಲಿ ಕೆನಡಾ ಸರ್ಕಾರ ಎಚ್ಚರಿಸಿತು. ಇನ್ನೊಂದು ತೊಂದರೆ ಎರಡಕ್ಕೂ ಸಾಮಾನ್ಯ, ಬಣ್ಣದಡಿ ಗಾಯ ಕೆಂಪಾಗ್ತಿದೆಯೋ, ಮಾಯ್ತಿದೆಯೋ ಕಾಣೋದೇ ಇಲ್ಲ.

ಮೇಷ್ಟ್ರು: ಇನ್ನು ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳು. ಅದನ್ನಂತೂ ನಾನು ಲ್ಯಾಬಿನಲ್ಲಿ ಕಣ್ಣಿಗೊತ್ತಿಕೊಂಡು ಕಾಪಾಡ್ತಿದ್ದೆ.

ಅಂಗಡಿಯಾತ: ನೀರೊಸರೋ ಇಸುಬಿಗೆ ಚರ್ಮದ ಡಾಕ್ಟರು ಈಗಲೂ ಬರೀತಾರೆ. ಒಂದು ಗ್ರಾಂ ಹರಳು ಹತ್ತು ಲೀಟರ್ ನೀರಿಗೆ, ತಿಳಿ ಗುಲಾಬಿ ಬಣ್ಣ. ಕಡು ನೇರಳೆಯಾದರೆ ಹೆಚ್ಚಾಯ್ತು ಅಂತ ಅರ್ಥ. ಕರಗದ ಒಂದು ಹರಳು ಚರ್ಮಕ್ಕೆ ಅಂಟಿದರೂ ಸುಡುತ್ತೆ.

ಮೇಷ್ಟ್ರು: ಅಂದರೆ ಎಲ್ಲಾ ಕಡೆ ನೀನು ಹೇಳ್ತಿರೋದು ಪ್ರಮಾಣದ ಮಾತೇ. ನನಗೆ ಇನ್ನೊಂದು ಉದಾಹರಣೆ ಹೊಳೀತಿದೆ, ನಮ್ಮ ಊರಿಂದೇ. ಚುನಾವಣಾ ಡ್ಯೂಟಿಯಲ್ಲಿ ಬೆರಳಿಗೆ ಹಚ್ಚಿ ಹಚ್ಚಿ ನನ್ನ ಬೆರಳೂ ಕಪ್ಪಾಗ್ತಿತ್ತು. ಆ ಶಾಯಿ ಮಾಡೋದು ನಮ್ಮ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದದ್ದು, 1962ರ ಚುನಾವಣೆಯಿಂದ ಶಾಯಿ ಕೊಡ್ತಿದೆ. ಅದರಲ್ಲಿರೋದು ಸಿಲ್ವರ್ ನೈಟ್ರೇಟ್.

ಅಂಗಡಿಯಾತ: ಅದೂ ಒಂದು ಕಾಲದ ನಂಜುನಿರೋಧಕವೇ ಸಾರ್!

ಮೇಷ್ಟ್ರು: ಅದನ್ನೇ ಹೇಳೋಕೆ ಹೊರಟೆ. ಜರ್ಮನಿಯ ಕ್ರೆಡೆ ಅನ್ನೋ ಡಾಕ್ಟರು 1880ರ ಸುಮಾರಿಗೆ ಆಗ ತಾನೇ ಹುಟ್ಟಿದ ಮಕ್ಕಳ ಕಣ್ಣಿಗೆ ಅದರ ತೆಳು ದ್ರಾವಣದ ಒಂದೊಂದು ಹನಿ ಬಿಟ್ಟು ಎಷ್ಟೋ ಮಕ್ಕಳು ಕುರುಡಾಗೋದನ್ನು ತಪ್ಪಿಸಿದ. ಸ್ವಲ್ಪ ಗಟ್ಟಿ ಮಾಡಿದರೆ ಬೆರಳಿನ ಗುರುತು. ಕಡ್ಡಿಯ ರೂಪದಲ್ಲಿ ಒತ್ತಿದರೆ ನರುಳ್ಳೆ ಸುಡೋ ಔಷಧ. ಪದಾರ್ಥ ಒಂದೇ, ಮೂರು ಪ್ರಮಾಣ, ಮೂರು ಕೆಲಸ.

ಅಂಗಡಿಯಾತ: ಇದನ್ನು ನಾಳೆಯಿಂದ ನಾನು ಗಿರಾಕಿಗಳಿಗೆ ಹೇಳ್ತೀನಿ.

ಮೇಷ್ಟ್ರು: ಅಂಗಡಿ ಔಷಧದ ಮಾತು ಸಾಕು. ಅಡುಗೆಮನೆಗೆ ಬಾ. ಅರಿಶಿನದ ಮೇಲೆ ಏನೂ ಹೇಳೋಕೆ ನಿನಗೆ ಧೈರ್ಯ ಇರಬಾರದು. ಅದರ ಗಾಯ ಮಾಯಿಸೋ ಗುಣಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು, ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಮೆಡಿಕಲ್ ಸೆಂಟರ್‌ಗೆ. ನಮ್ಮ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಜಗಳ ಆಡಿ 1997ರಲ್ಲಿ ರದ್ದು ಮಾಡಿಸಿತು. ನಮ್ಮ ಅಜ್ಜಿಯರ ಗೆಲುವು ಅದು.

ಅಂಗಡಿಯಾತ: ಗೆಲುವೇ, ಒಪ್ಪಿದೆ. ಆದರೆ ಗೆದ್ದದ್ದು ಯಾವ ವಾದ? ಇದು ಹೊಸ ಶೋಧ ಅಲ್ಲ, ನಮ್ಮಲ್ಲಿ ಮೊದಲೇ ಗೊತ್ತಿತ್ತು ಅಂತ. ಹಳೇ ಗ್ರಂಥಗಳನ್ನು ತೋರಿಸಿದರು, ಭಾರತೀಯ ವೈದ್ಯರ ಪತ್ರಿಕೆಯೊಂದರಲ್ಲಿ 1953ರಲ್ಲೇ ಬಂದಿದ್ದ ಲೇಖನ ತೋರಿಸಿದರು. ಸಾಂಬಾರ ಡಬ್ಬದ ಅರಿಶಿನಪುಡಿ ತೆರೆದ ಗಾಯಕ್ಕೆ ಕ್ಷೇಮ ಅಂತ ಅಲ್ಲಿ ಯಾರೂ ತೀರ್ಪು ಕೊಡಲಿಲ್ಲ. ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಅರಿಶಿನ ಬೇಯಿಸಿ ಒಣಹಾಕೋದು ನೋಡಿದ್ದೀರಲ್ಲ?

ಮೇಷ್ಟ್ರು: ನೋಡಿಲ್ಲದೇ ಏನು, ಕಣದ ತುಂಬ ದಿನಗಟ್ಟಲೆ ಬಿಸಿಲಿಗೆ ಹರಡಿರ್ತಾರೆ.

ಅಂಗಡಿಯಾತ: ಅಡುಗೆಗೆ ಅದು ಸಾಕು, ಕುದಿಯೋ ಸಾರಿಗೆ ಬೀಳುತ್ತೆ. ಗಾಯಕ್ಕೆ ಹಾಗಲ್ಲ. ಮಣ್ಣಿನಲ್ಲಿರೋ ಕೆಲವು ಕ್ರಿಮಿಗಳ ಬೀಜಾಣು ಬಿಸಿಲಿಗೂ ಸಾಯೋಲ್ಲ, ಒಣಗಿದರೂ ಸಾಯೋಲ್ಲ. ಧನುರ್ವಾಯುವಿನ ಬೀಜಾಣು ಆ ಜಾತಿಯದೇ. ಅರಿಶಿನದ ಗುಣ ಸುಳ್ಳಲ್ಲ, ಪುಡಿಯ ಶುದ್ಧಿಗೆ ಮಾತ್ರ ಯಾರೂ ಹೊಣೆ ಇಲ್ಲ. ಕಾಫಿಪುಡಿಗೆ ಆ ಗುಣವೂ ಇಲ್ಲ. ರಕ್ತ ನಿಲ್ಲೋದು ಅದು ಮೆತ್ತಿಕೊಂಡು ಅಡ್ಡ ನಿಲ್ಲೋದರಿಂದ. ಚೊಕ್ಕ ಬಟ್ಟೆ ಇಟ್ಟು ಹತ್ತು ನಿಮಿಷ ಎತ್ತದೆ ಒತ್ತಿ ಹಿಡಿದರೂ ನಿಲ್ಲುತ್ತೆ. ಆ ಪುಡಿಯನ್ನು ಆಮೇಲೆ ಗಾಯದಿಂದ ಕೆರೆದು ತೆಗೆಯೋ ನರ್ಸಮ್ಮನನ್ನು ಕೇಳಬೇಕು.

ಮೇಷ್ಟ್ರು: ಸುಟ್ಟದ್ದಕ್ಕೆ ಇಂಕು, ಟೂತ್‌ಪೇಸ್ಟ್, ದೋಸೆ ಹಿಟ್ಟು ಮೆತ್ತೋದು ಉಂಟು.

ಅಂಗಡಿಯಾತ: ಯಾವುದೂ ಬೇಡ, ಮಂಜುಗಡ್ಡೆಯೂ ಬೇಡ. ಒಗ್ಗರಣೆ ಸಿಡಿದರೆ, ಕುಕ್ಕರ್ ಹಬೆ ತಾಗಿದರೆ ತಕ್ಷಣ ಬಳೆ, ಉಂಗುರ ತೆಗೆದು 20 ನಿಮಿಷ ತಣ್ಣನೆ ಹರಿಯೋ ನೀರು. ಗಡಿಯಾರ ನೋಡಿಕೊಂಡು 20. ಬೊಬ್ಬೆ ಒಡೀಬಾರದು. ಅಂಗೈಗಿಂತ ದೊಡ್ಡದಾಗಿದ್ದರೆ, ಮುಖ, ಕೈ, ಕೀಲು, ಮರ್ಮಾಂಗದ ಮೇಲಾಗಿದ್ದರೆ, ಮಗುವಿಗಾಗಿದ್ದರೆ ಆಸ್ಪತ್ರೆ. ಸುಟ್ಟದ್ದಕ್ಕೆ ಬಿಳಿ ಮುಲಾಮು ಕೊಡಿ ಅಂತ ಕೇಳ್ತಾರಲ್ಲ, ಅದೂ ಡಾಕ್ಟರು ಬರೆದರೆ ಮಾತ್ರ.

ಮೇಷ್ಟ್ರು: ನನ್ನದೇ ಒಂದು ಕೇಳ್ತೀನಿ. ಬೇಸಿಗೇಲಿ ಮೈಯೆಲ್ಲ ತುರಿಕೆ, ಬೆವರುಸಾಲೆ. ಸ್ನಾನದ ನೀರಿಗೆ ದಿನಾ ಮುಚ್ಚಳ ಮುಚ್ಚಳ ಡೆಟಾಲ್ ಹಾಕ್ತೀನಿ. ತುರಿಕೆ ಕಡಿಮೆ ಆಗ್ತಾನೇ ಇಲ್ಲ.

ಅಂಗಡಿಯಾತ: ಅದರಿಂದಲೇ ಜಾಸ್ತಿ ಆಗಿರಬಹುದು. ವಯಸ್ಸಾದ ಚರ್ಮ ಮೊದಲೇ ಒಣ. ದಿನಾ ಹೀಗೆ ಮಾಡಿದರೆ ಚರ್ಮದ ಎಣ್ಣೆಯಂಶ ಪೂರಾ ಹೋಗಿ ಕೆರೆತ ಹೆಚ್ಚುತ್ತೆ. ಒಂದೆರಡು ವಾರ ಬಿಟ್ಟು ನೋಡಿ. ಉಗುರುಬೆಚ್ಚಗಿನ ನೀರು, ಮೃದು ಸಾಬೂನು, ಮೈ ಒರೆಸಿದ ತಕ್ಷಣ ಕೊಬ್ಬರಿ ಎಣ್ಣೆ. ತುರಿಕೆ ಅಂದ ಮಾತ್ರಕ್ಕೆ ಅಲ್ಲಿ ಕ್ರಿಮಿ ಇದೆ ಅಂತ ಅಲ್ಲ.

ಮೇಷ್ಟ್ರು: ಗಾಯಕ್ಕೆ ಹಚ್ಚಿದ ಔಷಧವೇ ಒಗ್ಗದೆ ತುರಿಕೆ ಬರೋದೂ ಉಂಟಲ್ಲ? ಅದನ್ನು ಹೇಗೆ ಗುರುತಿಸೋದು?

ಅಂಗಡಿಯಾತ: ಔಷಧ ಒಗ್ಗದಿದ್ದರೆ ಮುಖ್ಯವಾಗಿ ಕೆರೆತ. ಔಷಧ ಎಷ್ಟು ಅಗಲ ಹಚ್ಚಿದ್ದಿರೋ, ಪಟ್ಟಿ ಎಷ್ಟು ಉದ್ದ ಅಂಟಿತ್ತೋ ಅದೇ ಆಕಾರದಲ್ಲಿ ಕೆಂಪು, ಸಣ್ಣ ಸಣ್ಣ ಗುಳ್ಳೆ. ನಂಜಾದರೆ ಕೆರೆತಕ್ಕಿಂತ ನೋವು. ನಾಡಿ ಮಿಡಿದ ಹಾಗೆ ಸಿಡಿಯುತ್ತೆ, ಮುಟ್ಟಿದರೆ ಬಿಸಿ, ಕೆಂಪು ದಿನದಿನಕ್ಕೆ ಅಗಲ ಆಗುತ್ತೆ, ಕೀವು, ಜ್ವರ, ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ. ಮೊದಲನೇದಕ್ಕೆ ಔಷಧ ನಿಲ್ಲಿಸಿ ತೊಳೀಬೇಕು. ಎರಡನೇದಕ್ಕೆ ಅವತ್ತೇ ಡಾಕ್ಟರ ಹತ್ತಿರ. ನಿಯೋಮೈಸಿನ್ ಇರೋ ಪುಡಿ, ಮುಲಾಮು ಹಲವರಿಗೆ ಒಗ್ಗೋಲ್ಲ. ಅದು ಆಂಟಿಬಯಾಟಿಕ್ ಬೇರೆ, ತರಚು ಗಾಯಕ್ಕೆಲ್ಲ ಉದುರಿಸೋ ರಂಗೋಲಿ ಪುಡಿ ಅಲ್ಲ.

ಮೇಷ್ಟ್ರು: ಎಲ್ಲಕ್ಕೂ ಒಂದೇ ಕ್ರೀಮ್ ಇದೆಯಲ್ಲ, ಹುಳುಕಡ್ಡಿಗೂ ಅದೇ, ಗಾಯಕ್ಕೂ ಅದೇ, ಮುಖಕ್ಕೂ ಅದೇ. ನಮ್ಮ ಬೀದೀಲಿ ಮನೆಮನೇಲೂ ಒಂದು ಟ್ಯೂಬ್ ಇದೆ.

ಅಂಗಡಿಯಾತ: ಆ ಟ್ಯೂಬ್ ತಿರುಗಿಸಿ ಓದಿ ಸಾರ್. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಅಂತ ಇದ್ದರೆ ಅದು ಸ್ಟಿರಾಯ್ಡ್. ಎರಡು ದಿನದಲ್ಲಿ ಕೆರೆತ ನಿಲ್ಲುತ್ತೆ, ಅದಕ್ಕೇ ಅಷ್ಟು ನಂಬಿಕೆ. ಕೆಳಗೆ ಹುಳುಕಡ್ಡಿ ಹಬ್ಬುತ್ತಾ ಇರುತ್ತೆ, ಚರ್ಮ ತೆಳ್ಳಗಾಗಿ ಗೀಟು ಬೀಳುತ್ತೆ. ಡಾಕ್ಟರ ಚೀಟಿ ಇಲ್ಲದೆ ಇಂಥ ಕ್ರೀಮ್ ಮಾರಬಾರದು ಅಂತ 2018ರಲ್ಲಿ ಕೇಂದ್ರ ಸರ್ಕಾರ ಬಿಗಿ ಮಾಡಿತು. ಚೀಟಿ ಕೇಳಿದರೆ ಜನ ಬೇರೆ ಅಂಗಡಿಗೆ ಹೋಗ್ತಾರೆ. ಹೋಗಲಿ.

ಮೇಷ್ಟ್ರು: ಈ ಪೊವಿಡೋನ್ ಅಯೋಡಿನ್ ಎಲ್ಲರಿಗೂ ಆಗುತ್ತಾ?

ಅಂಗಡಿಯಾತ: ಬಹಳ ಜನಕ್ಕೆ ಆಗುತ್ತೆ. ಪೊವಿಡೋನ್ ಅನ್ನೋ ಪಾಲಿಮರ್ ಅಯೋಡಿನ್ನನ್ನು ಹಿಡಿದಿಟ್ಟುಕೊಂಡು ಸ್ವಲ್ಪ ಸ್ವಲ್ಪವಾಗಿ ಬಿಡುತ್ತೆ, ಅದಕ್ಕೇ ಟಿಂಚರ್‌ನಷ್ಟು ಉರಿ ಇಲ್ಲ. ಚೀಟಿ ಮೇಲೆ ಶೇಕಡ 10 ಅಂತ ಇದ್ದರೂ ಕೆಲಸಕ್ಕೆ ಸಿಗೋ ಅಯೋಡಿನ್ ಶೇಕಡ 1 ಮಾತ್ರ. ಆದರೆ ಅದು ಚರ್ಮದ ಮೂಲಕ ಒಳಗೂ ಹೋಗುತ್ತೆ. ಥೈರಾಯ್ಡ್ ತೊಂದರೆ ಇರೋರು, ಬಸುರಿ, ಬಾಣಂತಿಯರು ಡಾಕ್ಟರನ್ನು ಕೇಳದೆ ಅಗಲವಾದ ಗಾಯಕ್ಕೆ ದಿನಗಟ್ಟಲೆ ಹಚ್ಚಬಾರದು. ಹಸುಗೂಸಿಗೆ ಬೇಡವೇ ಬೇಡ. ಇನ್ನು ನಿಮ್ಮಂಥವರದು ಬೇರೆ ಲೆಕ್ಕ.

ಮೇಷ್ಟ್ರು: ನನಗೇನಾಗಿದೆ?

ಅಂಗಡಿಯಾತ: ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ಮಾತ್ರೆ ತಗೊಂಡು ಹೋಗೋದು ನನ್ನ ಹತ್ತಿರವೇ ಅಲ್ವಾ? ಆಷಾಢ ಶುಕ್ರವಾರ ಬರಿಗಾಲಲ್ಲಿ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತೋರು ನೀವು. ಸಕ್ಕರೆ ಹಳೇದಾದರೆ ಪಾದದ ನರ ಮಂಕಾಗುತ್ತೆ. ಉರಿದರೇ ಔಷಧ ಅಂದ್ರಲ್ಲ, ನಿಮ್ಮ ಪಾದದಲ್ಲಿ ಗಾಯವಾದರೂ ಉರಿಯೋಲ್ಲ, ಟಿಂಚರ್ ಸುರಿದರೂ ಉರಿಯೋಲ್ಲ. ನೋವಿಲ್ಲ ಅಂತ ಸುಮ್ಮನಿದ್ದವರೇ ಬೆರಳು ಕಳೆದುಕೊಳ್ಳೋದು. ರಾತ್ರಿ ಮಲಗೋ ಮುಂಚೆ ಎರಡೂ ಪಾದ, ಬೆರಳ ಸಂದು ನೋಡಿಕೊಳ್ಳಿ. ಎಷ್ಟೇ ಸಣ್ಣ ಗಾಯ ಇದ್ದರೂ ತೊಳೆದು, ಮುಚ್ಚಿ, ಡಾಕ್ಟರಿಗೆ ತೋರಿಸಿ. ಮನೆ ಔಷಧದಲ್ಲಿ ದಿನ ಕಳೀಬೇಡಿ.

ಮೇಷ್ಟ್ರು: ಹೆದರಿಸ್ತೀಯಲ್ಲೋ.

ಅಂಗಡಿಯಾತ: ಈ ಒಂದು ವಿಷಯಕ್ಕೆ ಹೆದರಿಕೆ ಇರಲಿ.

ಮೇಷ್ಟ್ರು: ಸರಿ, ಹುಡುಗನಿಗೆ ಧನುರ್ವಾಯುವಿನ ಟಿಟಿ ಇಂಜೆಕ್ಷನ್ ಹಾಕಿಸಬೇಕಾ? ನಮ್ಮ ಕಡೆ ಮೊಳೆ ಚುಚ್ಚಿದರೂ ಒಂದು, ಬ್ಲೇಡ್ ತಾಗಿದರೂ ಒಂದು.

ಅಂಗಡಿಯಾತ: ಎಷ್ಟು ವಯಸ್ಸು?

ಮೇಷ್ಟ್ರು: ಹನ್ನೆರಡು. ಹತ್ತನೇ ವಯಸ್ಸಿಗೆ ಸ್ಕೂಲಲ್ಲೇ ಹಾಕಿದ್ದಾರೆ, ಅದಕ್ಕೆ ಮುಂಚಿನವೆಲ್ಲ ತಾಯಿ ಕಾರ್ಡಿನಲ್ಲಿವೆ.

ಅಂಗಡಿಯಾತ: ಹಾಗಾದರೆ ಬೇಡ. ಮಕ್ಕಳ ಲಸಿಕೆಯಲ್ಲಿ 10ಕ್ಕೆ ಒಂದು, 16ಕ್ಕೆ ಒಂದು ಇದೆ, ಈಗ ಅದು ಟಿಡಿ, ಡಿಫ್ತೀರಿಯಾಕ್ಕೂ ಸೇರಿಸಿ. ಲಸಿಕೆ ಪೂರ್ತಿ ಆದವರಿಗೆ ಚೊಕ್ಕ ಸಣ್ಣ ಗಾಯಕ್ಕೆ ಹತ್ತು ವರ್ಷದೊಳಗೆ ಮತ್ತೆ ಬೇಕಿಲ್ಲ. ಮಣ್ಣು, ಸಗಣಿ ಸೇರಿದ ಆಳದ ಗಾಯವಾದರೆ ಐದು ವರ್ಷ. ನೆನಪಿಲ್ಲ, ಕಾರ್ಡಿಲ್ಲ ಅನ್ನೋರು ಹಾಕಿಸಿಕೊಳ್ಳಬೇಕು. ತೊಂದರೆ ಏನಂದರೆ, ಮಗುವಿಗೆ ಗೀರು ಬಿದ್ದರೆ ಓಡಿ ಬರ್ತಾರೆ, ದೊಡ್ಡವರು ಮೂವತ್ತು ವರ್ಷದಿಂದ ಒಂದೂ ಹಾಕಿಸಿರೋಲ್ಲ.

ಮೇಷ್ಟ್ರು: ನಾಯಿ ಕಚ್ಚಿದರೆ?

ಅಂಗಡಿಯಾತ: ಅದನ್ನು ಸಣ್ಣ ಗಾಯ ಅನ್ನಲೇಬಾರದು, ಹಲ್ಲಿನ ಗೀರಾದರೂ ಸರಿ. ಸಾಬೂನು, ಹರಿಯೋ ನೀರು, 15 ನಿಮಿಷ. ಆಮೇಲೆ ಪೊವಿಡೋನ್ ಅಯೋಡಿನ್. ಸುಣ್ಣ, ಖಾರದಪುಡಿ, ಅರಿಶಿನ ಏನೂ ಹಾಕಬಾರದು, ಗಟ್ಟಿಯಾಗಿ ಪಟ್ಟಿ ಕಟ್ಟಬಾರದು. ಅವತ್ತೇ ಕೆ.ಆರ್. ಆಸ್ಪತ್ರೆಗೋ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಹೋಗಿ ರೇಬಿಸ್ ಲಸಿಕೆ. ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡೋ ಇಮ್ಯುನೊಗ್ಲೊಬ್ಯುಲಿನ್ ಕೂಡ ಬೇಕಾಗುತ್ತೆ. ಮುಂದಿನ ಡೋಸುಗಳು ಡಾಕ್ಟರು ಬರೆದುಕೊಟ್ಟ ದಿನವೇ ಆಗಬೇಕು, ಒಂದೂ ತಪ್ಪಬಾರದು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಯಾವ ಔಷಧವೂ ಹೆಚ್ಚುಕಡಿಮೆ ಯಾರನ್ನೂ ಉಳಿಸಿಲ್ಲ.

ಮೇಷ್ಟ್ರು: ಹಾಗಾದರೆ ಮನೇಲಿ ಏನೇನು ಇಟ್ಟುಕೊಳ್ಳಬೇಕು, ಪಟ್ಟಿ ಹೇಳು. ಟಿಂಚರ್ ಆಸೆ ಬಿಟ್ಟೆ.

ಅಂಗಡಿಯಾತ: ಚಿಕ್ಕ ಪಟ್ಟಿ ಸಾರ್. ಒಂದು ಸಾಬೂನು. ಚಿಕ್ಕ ಸೀಸೆ ಪೊವಿಡೋನ್ ಅಯೋಡಿನ್. ದೊಡ್ಡ ಸೀಸೆ ಬೇಡ, ಮುಗಿಯೋ ಮುಂಚೆ ಅವಧಿ ಮೀರುತ್ತೆ. ಗಾಜ್ ಪ್ಯಾಕೆಟ್, ಅಂಟುಪಟ್ಟಿ, ವ್ಯಾಸಲೀನ್. ಸೀಸೆಯ ಬಾಯಿಗೆ ಹತ್ತಿ ಒತ್ತಬಾರದು, ಗಾಜ್ ಬಟ್ಟೆಯ ಮೇಲೆ ಸುರಿದು ಸೀಸೆ ಮುಚ್ಚಬೇಕು. ನೀರು ಬೆರೆಸಿ ತೆಳು ಮಾಡಿದ್ದು ಮಿಕ್ಕರೆ ಚೆಲ್ಲಬೇಕು. ಹಳೇ ದ್ರಾವಣದಲ್ಲೂ ಕೆಲವು ಕ್ರಿಮಿಗಳು ಆರಾಮಾಗಿ ಬೆಳೀತವೆ. ಔಷಧವನ್ನು ಜ್ಯೂಸ್ ಬಾಟಲಿಗೆ, ನೀರಿನ ಬಾಟಲಿಗೆ ತುಂಬಿಡಬಾರದು, ಮಕ್ಕಳು ಕುಡಿದುಬಿಡ್ತಾರೆ.

ಮೇಷ್ಟ್ರು: ಎಷ್ಟಾಯ್ತು?

ಅಂಗಡಿಯಾತ: ಗಾಜ್, ಅಂಟುಪಟ್ಟಿಗೆ ಮಾತ್ರ ಕೊಡಿ. ಪೊವಿಡೋನ್ ಅಯೋಡಿನ್ ಹೋದ ತಿಂಗಳೇ ತಗೊಂಡು ಹೋಗಿದ್ದೀರಿ, ಮನೇಲಿ ಹುಡುಕಿ. ಹಾಗೇ ಔಷಧದ ಡಬ್ಬವನ್ನೂ ಇವತ್ತೇ ತೆರೆದು, ಚೀಟಿ ಹರಿದದ್ದು, ಅವಧಿ ಮೀರಿದ್ದು, ಯಾವುದಕ್ಕೆ ಅಂತ ಗೊತ್ತಿಲ್ಲದ್ದು ಮೂರನ್ನೂ ಹೊರಗೆ ಹಾಕಿ. ಮೊಣಕಾಲು ದಿನಾ ಒಮ್ಮೆ ಬೆಳಕಲ್ಲಿ ನೋಡಿ. ಎರಡು ದಿನದಲ್ಲಿ ನೋವು ಇಳೀಬೇಕು, ಕೆಂಪು ಒಳಕ್ಕೆ ಸರೀಬೇಕು. ಹಾಗಾಗದಿದ್ದರೆ ಇನ್ನೊಂದು ಸೀಸೆ ಕೇಳೋಕೆ ನನ್ನ ಹತ್ತಿರ ಬರಬೇಡಿ ಸಾರ್, ಡಾಕ್ಟರ ಹತ್ತಿರ ಹೋಗಿ.